ಒಂದು ಲಕ್ಷ ನಲವತ್ತನಾಲ್ಕು ಸಾವಿರ: ಪ್ರಕಟನೆಯ ಒಂದು ಸಂಖ್ಯೆಯ ಗಣಿತವೂ ಅದರ ಸಾಕ್ಷಿಯೂ

ಪ್ರಕಟನೆ ಗ್ರಂಥದ ಏಳನೆಯ ಅಧ್ಯಾಯವನ್ನು ಸಭೆಯಲ್ಲಿ ಓದಿದ ದಿನ, ಆರಾಧನೆ ಮುಗಿದ ಮೇಲೆ ಸಭಾಪಾಲಕನ ಬಳಿಗೆ ಬಂದು ಯಾರಾದರೂ ಒಬ್ಬರು ಕೇಳುವುದುಂಟು: "ಅಯ್ಯನವರೇ, ಆ ಲಕ್ಷದ ನಲವತ್ತನಾಲ್ಕು ಸಾವಿರದಲ್ಲಿ ನಮ್ಮಂಥವರಿಗೂ ಜಾಗ ಉಂಟೋ?" ಕೇಳುವವರು ಕುತೂಹಲಕ್ಕೆ ಕೇಳುವುದಿಲ್ಲ. ಮನೆಬಾಗಿಲಿಗೆ ಬಂದ ಯಾರೋ ಒಬ್ಬರು, ಪರಲೋಕಕ್ಕೆ ಸೇರುವವರ ಸಂಖ್ಯೆ ಇಷ್ಟೇ ಎಂದೂ ಆ ಲೆಕ್ಕ ಬಹುಮಟ್ಟಿಗೆ ತುಂಬಿಹೋಗಿದೆ ಎಂದೂ ಅವರಿಗೆ ಹೇಳಿರುತ್ತಾರೆ. ರೋಗಶಯ್ಯೆಯಲ್ಲಿರುವ ವಿಶ್ವಾಸಿಗೆ ಈ ಮಾತು ಎಂಥ ಭಾರವಾಗಬಲ್ಲದು ಎಂಬುದನ್ನು ಪಾಲಕರಾದವರು ಬಲ್ಲರು.

ಇಂಥ ಪ್ರಶ್ನೆಗೆ "ಅದು ಬರೀ ಸಾಂಕೇತಿಕ" ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸುಲಭ. ಆದರೆ ಆ ಉತ್ತರ ಕೇಳಿದವರನ್ನು ಸಮಾಧಾನಪಡಿಸುವುದಿಲ್ಲ. ಕಷ್ಟವಾದ ವಚನದಿಂದ ಪಾಲಕನು ನುಣುಚಿಕೊಂಡನೆಂಬ ಭಾವನೆಯನ್ನೇ ಉಳಿಸುತ್ತದೆ. ಸಂಕೇತವಾದರೆ ಯಾವುದರ ಸಂಕೇತ? ಬೇರೆ ಸಂಖ್ಯೆಯಾಗದೆ ಇದೇ ಸಂಖ್ಯೆ ಏಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ನಾವು ಸ್ವಲ್ಪ ಹೊತ್ತು ವ್ಯಾಖ್ಯಾನಗ್ರಂಥಗಳನ್ನು ಬದಿಗಿಟ್ಟು ಗಣಿತದ ಬಳಿಗೆ ಹೋಗಬೇಕು. ಸಂಖ್ಯೆಗೆ ತನ್ನದೇ ಆದ ಗುಣಗಳಿವೆ. ಆ ಗುಣಗಳಲ್ಲಿ ಕೆಲವನ್ನು ಪವಿತ್ರ ಲೇಖಕನು ಬಳಸಿಕೊಂಡಿದ್ದಾನೆ; ಕೆಲವನ್ನು ಬಳಸಿಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡುವುದು ಈ ಲೇಖನದ ಉದ್ದೇಶ.

ಸಂಖ್ಯೆಯ ರಚನೆ

ಒಂದಕ್ಕಿಂತ ದೊಡ್ಡದಾದ ಯಾವುದೇ ಪೂರ್ಣಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬಿಡಿಸಬಹುದೆಂಬುದು ಅಂಕಗಣಿತದ ಮೂಲ ಸಿದ್ಧಾಂತ. ಅವಿಭಾಜ್ಯಗಳನ್ನು ಬರೆಯುವ ಕ್ರಮ ಬದಲಾಗಬಹುದು, ಆದರೆ ಅವು ಯಾವುವು ಮತ್ತು ಎಷ್ಟು ಸಲ ಬರುತ್ತವೆ ಎಂಬುದು ಬದಲಾಗದು. ಈ ರೀತಿಯಲ್ಲಿ ಬಿಡಿಸಿದಾಗ 1,44,000 ಎಂಬುದು ಏಳು ಸಲ 2, ಎರಡು ಸಲ 3, ಮೂರು ಸಲ 5, ಇವುಗಳ ಗುಣಲಬ್ಧವಾಗುತ್ತದೆ. ಅಂದರೆ 128 × 9 × 125. ಇದರಲ್ಲಿ 7 ಇಲ್ಲ, 11 ಇಲ್ಲ, 13 ಇಲ್ಲ. ಮೊದಲ ಮೂರು ಅವಿಭಾಜ್ಯಗಳಿಂದಲೇ ಕಟ್ಟಲ್ಪಟ್ಟ ಸಂಖ್ಯೆ ಇದು. ಆದಕಾರಣ ಇದನ್ನು ಶೇಷವಿಲ್ಲದೆ ಭಾಗಿಸಬಲ್ಲ ಸಂಖ್ಯೆಗಳು ಬಹಳ: ಒಟ್ಟು 96. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ 3,73,140 ಬರುತ್ತದೆ. ಇದು ಮೂಲ ಸಂಖ್ಯೆಗಿಂತ ಎಷ್ಟೋ ಹೆಚ್ಚು. ಭಾಜಕಗಳ ಮೊತ್ತವು ತನ್ನನ್ನೇ ಮೀರುವ ಇಂಥ ಸಂಖ್ಯೆಗಳನ್ನು ಪ್ರಾಚೀನ ಗ್ರೀಕ್ ಗಣಿತಜ್ಞರು ಸಮೃದ್ಧ ಸಂಖ್ಯೆಗಳೆಂದೂ, ಮೊತ್ತವು ಸರಿಸಮನಾದರೆ ಪರಿಪೂರ್ಣ ಸಂಖ್ಯೆಗಳೆಂದೂ ಕರೆದರು. 6 ಪರಿಪೂರ್ಣ ಸಂಖ್ಯೆ. ಏಕೆಂದರೆ 1, 2, 3 ಕೂಡಿದರೆ 6. ಸೃಷ್ಟಿಯ ಆರು ದಿನಗಳನ್ನು ವಿವರಿಸುವಾಗ ಅಗಸ್ಟಿನನು ಈ ಗುಣವನ್ನು 'ದೇವರ ನಗರ'ದ ಹನ್ನೊಂದನೆಯ ಪುಸ್ತಕದಲ್ಲಿ ಎತ್ತಿ ತೋರಿಸುತ್ತಾನೆ.

ಇಲ್ಲಿ ಪ್ರಸಂಗಪೀಠದಲ್ಲಿ ಕೇಳಿಬರುವ ಒಂದು ತಪ್ಪನ್ನು ತಿದ್ದಬೇಕಾಗಿದೆ. 1,44,000 ಒಂದು ಪೂರ್ಣ ವರ್ಗವೆಂದು ಕೆಲವೊಮ್ಮೆ ಹೇಳಲಾಗುತ್ತದೆ. ಅದು ನಿಜವಲ್ಲ. ಪೂರ್ಣ ವರ್ಗದಲ್ಲಿ ಪ್ರತಿಯೊಂದು ಅವಿಭಾಜ್ಯವೂ ಸಮಸಂಖ್ಯೆಯಷ್ಟು ಸಲ ಬರಬೇಕು. ಇಲ್ಲಿ 2 ಏಳು ಸಲ, 5 ಮೂರು ಸಲ ಬಂದಿವೆ. 379ರ ವರ್ಗ 1,43,641; 380ರ ವರ್ಗ 1,44,400. ನಮ್ಮ ಸಂಖ್ಯೆ ಇವೆರಡರ ನಡುವೆ ನಿಲ್ಲುತ್ತದೆ. ವರ್ಗವಾಗಿರುವುದು 144, ಅದು 12ರ ವರ್ಗ. ಅದರ ಜೊತೆಗೆ ಬಂದಿರುವ 1,000 ಒಂದು ಘನ. ಅದು 10ರ ಘನ. ಆದ್ದರಿಂದ ಈ ಸಂಖ್ಯೆಯ ಸರಿಯಾದ ವರ್ಣನೆ ಹೀಗೆ: ಹನ್ನೆರಡರ ವರ್ಗವನ್ನು ಹತ್ತರ ಘನದಿಂದ ಗುಣಿಸಿದ್ದು.

ಕನ್ನಡದಲ್ಲಿ ಮರೆಯಾಗುವ ನೂರನಲವತ್ತನಾಲ್ಕು

ಈ ವರ್ಣನೆ ಕನ್ನಡ ಓದುಗನ ಕಿವಿಗೆ ತಾನಾಗಿ ಬೀಳುವುದಿಲ್ಲ. ನಮ್ಮ ಎಣಿಕೆಯಲ್ಲಿ ನೂರು ಸಾವಿರಕ್ಕೆ 'ಲಕ್ಷ' ಎಂಬ ಪ್ರತ್ಯೇಕ ಹೆಸರಿದೆ. ಆದಕಾರಣ ನಾವು 'ಒಂದು ಲಕ್ಷ ನಲವತ್ತನಾಲ್ಕು ಸಾವಿರ' ಎನ್ನುವಾಗ 144 ಎಂಬ ಸಂಖ್ಯೆ ಎರಡಾಗಿ ಒಡೆದುಹೋಗುತ್ತದೆ: ಒಂದು ಲಕ್ಷದ ಕಡೆಗೆ, ನಲವತ್ತನಾಲ್ಕು ಸಾವಿರದ ಕಡೆಗೆ. ಬರಹದಲ್ಲಿಯೂ ಅಲ್ಪವಿರಾಮವು ಒಂದರ ಪಕ್ಕದಲ್ಲಿಯೇ ಬಂದು ಕೂರುತ್ತದೆ. ಭಾಷಾಂತರದಲ್ಲಿ ದೋಷವೇನೂ ಇಲ್ಲ; ಸಂಖ್ಯೆ ಸರಿಯಾಗಿಯೇ ಇದೆ. ಆದರೆ ಅದರ ಒಳಗಿನ ಹನ್ನೆರಡು ಹನ್ನೆರಡು ಕಾಣದಾಗುತ್ತದೆ.

ಮೂಲ ಗ್ರೀಕಿನಲ್ಲಿ ಯೋಹಾನನು ಬರೆದಿರುವುದು ಪದಶಃ 'ನೂರನಲವತ್ತನಾಲ್ಕು ಸಾವಿರಗಳು' ಎಂದು. ಗ್ರೀಕಿನಲ್ಲಿ ಹತ್ತು ಸಾವಿರಕ್ಕೆ 'ಮಿರಿಯಡ್' ಎಂಬ ಹೆಸರಿತ್ತು. ಗ್ರೀಕ್ ಎಣಿಕೆಯಲ್ಲಿ ಸ್ವತಂತ್ರ ಹೆಸರುಳ್ಳ ಅತಿ ದೊಡ್ಡ ಮಾನ ಅದೇ. ಆ ಪದ್ಧತಿಯಂತೆ ಇದೇ ಸಂಖ್ಯೆಯನ್ನು 'ಹದಿನಾಲ್ಕು ಮಿರಿಯಡ್ ನಾಲ್ಕು ಸಾವಿರ' ಎಂದೂ ಹೇಳಬಹುದಾಗಿತ್ತು. ಯೋಹಾನನಿಗೆ ಮಿರಿಯಡ್ ಪದ ಗೊತ್ತಿರಲಿಲ್ಲವೆನ್ನುವಂತಿಲ್ಲ; 5:11ರಲ್ಲಿ ದೇವದೂತರನ್ನು ಕುರಿತು, 9:16ರಲ್ಲಿ ಕುದುರೆ ದಂಡನ್ನು ಕುರಿತು ಅವನು ಅದನ್ನೇ ಬಳಸುತ್ತಾನೆ. ಆದರೂ ಇಲ್ಲಿ ಸಾವಿರಗಳ ಮಾನವನ್ನು ಆರಿಸಿಕೊಂಡಿದ್ದಾನೆ. ಅರಣ್ಯಕಾಂಡದ ಜನಗಣತಿಯನ್ನು ಗ್ರೀಕಿಗೆ ತಂದ ಸೆಪ್ಟುಅಜಿಂಟ್ ಭಾಷಾಂತರಕಾರರು ಕುಲಗಳ ಸಂಖ್ಯೆಗಳನ್ನು ಹೀಗೆಯೇ ಸಾವಿರಗಳಲ್ಲಿ ಹೇಳಿದ್ದರು. ಆದ್ದರಿಂದ ಗ್ರೀಕ್ ಸತ್ಯವೇದವನ್ನು ಕೇಳಿ ಬೆಳೆದವರಿಗೆ ಈ ಮಾತಿನಲ್ಲಿ ಎರಡು ಸಂಗತಿಗಳು ಏಕಕಾಲಕ್ಕೆ ಕೇಳಿಸಿರಬೇಕು: ಇದು ಇಸ್ರಾಯೇಲಿನ ಗಣತಿಯ ಭಾಷೆ, ಮತ್ತು ಇದರಲ್ಲಿ 144 ಎಂಬ ಸಂಖ್ಯೆ ಅಖಂಡವಾಗಿದೆ. ಹೀಬ್ರೂವಿನಲ್ಲಿ ಸಾವಿರಕ್ಕಿರುವ 'ಎಲೆಫ್' ಎಂಬ ಪದವು ಗೋತ್ರವನ್ನೂ ದಂಡಿನ ತುಕಡಿಯನ್ನೂ ಸೂಚಿಸಬಲ್ಲದೆಂಬುದು (ನ್ಯಾಯಸ್ಥಾಪಕರು 6:15, ಮೀಕ 5:2) ಈ ಧ್ವನಿಗೆ ಇನ್ನಷ್ಟು ಬಲ ಕೊಡುತ್ತದೆ.

ಪಾಲಕರಿಗೆ ಇದರಿಂದ ಒಂದು ಪ್ರಯೋಜನವುಂಟು. ಈ ಅಧ್ಯಾಯವನ್ನು ಬೋಧಿಸುವಾಗ 'ನೂರನಲವತ್ತನಾಲ್ಕು ಸಾವಿರ' ಎಂದು ಒಮ್ಮೆ ಬಿಡಿಸಿ ಹೇಳಿದರೆ, ಸಭೆಗೆ ಅರ್ಧ ವ್ಯಾಖ್ಯಾನ ಅಲ್ಲಿಯೇ ದೊರೆಯುತ್ತದೆ.

ಸಮಪಾಲು ಹೇಳುವ ಸಂಗತಿ

ಯೋಹಾನನು ಮೊತ್ತವನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. 7:5-8ರಲ್ಲಿ ಹನ್ನೆರಡು ಕುಲಗಳನ್ನು ಒಂದೊಂದಾಗಿ ಹೆಸರಿಸಿ, ಪ್ರತಿಯೊಂದಕ್ಕೂ 12,000 ಎಂದು ಹೇಳುತ್ತಾನೆ. ಲೆಕ್ಕ ಬರೆಯುವವರು ಮೊತ್ತವನ್ನು ತಾಳೆ ನೋಡುವಂತೆ, ವಚನವೇ ತನ್ನ ಸಂಖ್ಯೆಯನ್ನು ತಾಳೆ ನೋಡಿ ತೋರಿಸುತ್ತದೆ. ಹನ್ನೆರಡು ಎಂಬ ಅಪವರ್ತನವನ್ನು ನಾವು ಹೊರಗಿನಿಂದ ತಂದು ಹಚ್ಚಬೇಕಾಗಿಲ್ಲ. ಲೇಖಕನೇ ಅದನ್ನು ಹನ್ನೆರಡು ಸಲ ಓದಿಸುತ್ತಾನೆ.

ಈಗ ಇದನ್ನು ಅರಣ್ಯಕಾಂಡದ ಗಣತಿಯೊಡನೆ ಹೋಲಿಸಿರಿ. ಸೀನಾಯಿಯ ಗಣತಿಯಲ್ಲಿ ಯೆಹೂದ ಕುಲದವರು 74,600, ಮನಸ್ಸೆ ಕುಲದವರು 32,200, ಒಟ್ಟು 6,03,550. ಮೋವಾಬಿನ ಬಯಲಿನ ಎರಡನೆಯ ಗಣತಿಯಲ್ಲಿ ಒಟ್ಟು 6,01,730. ಮೊದಲ ಗಣತಿಯಲ್ಲಿ 59,300 ಇದ್ದ ಸಿಮೆಯೋನ ಕುಲ ಎರಡನೆಯದರಲ್ಲಿ 22,200ಕ್ಕೆ ಇಳಿದಿದೆ. ಒಂದು ಕುಲ ಬೆಳೆಯುತ್ತದೆ, ಇನ್ನೊಂದು ಕ್ಷೀಣಿಸುತ್ತದೆ. ಎರಡು ಮೊತ್ತಗಳಲ್ಲಿ ಯಾವುದೂ ಹನ್ನೆರಡರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಅಂಕಿಗಳ ಮೊತ್ತ ಕ್ರಮವಾಗಿ 19 ಮತ್ತು 17 ಆಗಿರುವುದರಿಂದ ಮೂರರಿಂದಲೇ ಭಾಗವಾಗುವುದಿಲ್ಲ. ಇತಿಹಾಸದಲ್ಲಿ ಬಾಳಿದ ಜನರ ಗಣತಿ ಹೀಗೆ ಏರುಪೇರಾಗಿಯೇ ಇರುತ್ತದೆ. ಪ್ರಕಟನೆಯ ಪಟ್ಟಿಯಲ್ಲಿಯಾದರೋ ದೊಡ್ಡ ಕುಲ ಸಣ್ಣ ಕುಲ ಎಂಬ ಭೇದವಿಲ್ಲ. ಯೆಹೂದಕ್ಕೆ ಎಷ್ಟೋ ಬೆನ್ಯಾಮೀನಿಗೂ ಅಷ್ಟೇ.

ಪಟ್ಟಿಯಲ್ಲಿರುವ ಹೆಸರುಗಳೂ ಇದನ್ನೇ ಹೇಳುತ್ತವೆ. ದಾನ್ ಕುಲ ಇಲ್ಲಿಲ್ಲ. ಎಫ್ರಾಯೀಮಿನ ಹೆಸರಿಲ್ಲ, ಆದರೆ ಯೋಸೇಫನ ಹೆಸರೂ ಅವನ ಮಗನಾದ ಮನಸ್ಸೆಯ ಹೆಸರೂ ಎರಡೂ ಇವೆ. ಸೀನಾಯಿಯ ಗಣತಿಯಲ್ಲಿ ಯುದ್ಧಕ್ಕೆ ಎಣಿಸಬಾರದೆಂದು ಬಿಡಲ್ಪಟ್ಟ ಲೇವಿಯು ಇಲ್ಲಿ ಎಣಿಸಲ್ಪಟ್ಟಿದ್ದಾನೆ. ದಾನ್ ಏಕೆ ಬಿಟ್ಟುಹೋಯಿತೆಂಬುದಕ್ಕೆ ಎರಡನೆಯ ಶತಮಾನದ ಐರೇನಿಯಸನು ಕ್ರಿಸ್ತವಿರೋಧಿ ಆ ಕುಲದಿಂದ ಬರುವನೆಂಬ ಕಾರಣ ಕೊಟ್ಟನು. ಕಾರಣ ಏನೇ ಇರಲಿ, ಗಣಿತದ ದೃಷ್ಟಿಯಿಂದ ಒಂದು ಮಾತು ಸ್ಪಷ್ಟ: ಹೆಸರುಗಳು ಬದಲಾದರೂ ಹನ್ನೆರಡು ಬದಲಾಗಿಲ್ಲ.

ಯೆಹೋವನ ಸಾಕ್ಷಿಗಳು ಈ ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಂಡು, ಪರಲೋಕದಲ್ಲಿ ಕ್ರಿಸ್ತನೊಂದಿಗೆ ಆಳುವವರು ಇಷ್ಟೇ ಮಂದಿ, ಉಳಿದ ನಂಬಿಗಸ್ತರಿಗೆ ಭೂಮಿಯ ಮೇಲಿನ ಪರದೈಸ್ ಎಂದು ಬೋಧಿಸುತ್ತಾರೆ. ಆದರೆ ಕುಲಗಳನ್ನು ಅವರು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಇಲ್ಲಿ ತೊಡಕಿದೆ. ಮೊತ್ತವು ಹನ್ನೆರಡು ಕುಲಗಳನ್ನು ಕೂಡಿದ್ದರಿಂದ ಬಂದದ್ದು. ಕೂಡಿದ ಪದಗಳೆಲ್ಲ ಸಂಕೇತವಾಗಿದ್ದು ಅವುಗಳ ಮೊತ್ತ ಮಾತ್ರ ಅಕ್ಷರಶಃ ಆಗುವುದು ಹೇಗೆ? ಕುಲಗಳನ್ನೂ ಸಂಖ್ಯೆಯನ್ನೂ ಒಟ್ಟಿಗೆ ಅಕ್ಷರಶಃ ಓದಿ, ಇವರು ಅಂತ್ಯಕಾಲದ ಯೆಹೂದ್ಯ ವಿಶ್ವಾಸಿಗಳೆನ್ನುವ ಯುಗವಿಭಾಗವಾದಿ ವ್ಯಾಖ್ಯಾನಕಾರರು ಈ ವಿಷಯದಲ್ಲಿ ಹೆಚ್ಚು ಸುಸಂಗತರು. ಆದರೆ ಅವರೂ ಎಲ್ಲ ಕುಲಗಳಿಗೂ ಸಮವಾದ ಲೆಕ್ಕವೇಕೆ ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ. ಅರಣ್ಯಕಾಂಡದ 31ನೆಯ ಅಧ್ಯಾಯ ಇದಕ್ಕೆ ದಾರಿ ತೋರಿಸುತ್ತದೆ. ಅಲ್ಲಿ ಮಿದ್ಯಾನ್ಯರ ಮೇಲಿನ ಯುದ್ಧಕ್ಕೆ ಕುಲಕ್ಕೆ ಸಾವಿರದಂತೆ 12,000 ಮಂದಿ ಆರಿಸಲ್ಪಡುತ್ತಾರೆ. ಪ್ರಕಟನೆಯಲ್ಲಿ ಪ್ರತಿಯೊಂದು ಕುಲದಿಂದಲೇ ಅಂಥ ಒಂದು ಇಡೀ ದಂಡು ಹೊರಡುತ್ತದೆ. ಎಂದರೆ ಇದು ದೇವಜನರ ಪೂರ್ಣ ಸೈನ್ಯ. ಯಾವ ಪಾಳೆಯವೂ ಬರಿದಾಗಿಲ್ಲ.

ಪಟ್ಟಣದ ಅಂಚುಗಳು

ಈ ಸಂಖ್ಯೆ ಗ್ರಂಥದ ಕೊನೆಯಲ್ಲಿ ಮತ್ತೆ, ಆದರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. 21ನೆಯ ಅಧ್ಯಾಯದಲ್ಲಿ ದೇವದೂತನು ಹೊಸ ಯೆರೂಸಲೇಮನ್ನು ಅಳೆಯುವಾಗ ಅದರ ಉದ್ದ, ಅಗಲ, ಎತ್ತರ ಮೂರೂ ಸಮವಾಗಿ 12,000 ಸ್ತಾದಿಯಗಳಾಗುತ್ತವೆ; ಗೋಡೆಯ ಅಳತೆ 144 ಮೊಳ. ಉದ್ದ, ಅಗಲ, ಎತ್ತರ ಸಮವಾದ ಆಕೃತಿ ಘನ. ಘನಾಕೃತಿಗೆ ಮುಖಗಳು ಆರು, ಮೂಲೆಗಳು ಎಂಟು, ಅಂಚುಗಳು ಹನ್ನೆರಡು. ಹನ್ನೆರಡು ಅಂಚುಗಳಲ್ಲಿ ಪ್ರತಿಯೊಂದೂ 12,000 ಸ್ತಾದಿಯವಾದರೆ ಅಂಚುಗಳ ಒಟ್ಟು ಉದ್ದ 1,44,000 ಸ್ತಾದಿಯ. ಕುಲಗಳು ಹನ್ನೆರಡು, ಕುಲಕ್ಕೆ 12,000. ಅಂಚುಗಳು ಹನ್ನೆರಡು, ಅಂಚಿಗೆ 12,000. ಜನರ ಅಳತೆಯೂ ಪಟ್ಟಣದ ಅಳತೆಯೂ ಒಂದೇ. ಯಜ್ಞದ ಕುರಿಯಾದಾತನ ವಧುವಾಗಿ ತೋರಿಸಲ್ಪಟ್ಟ ಆ ಪಟ್ಟಣವು ಜನರಿಂದ ಬೇರೆಯಾದ ಕಟ್ಟಡವಲ್ಲ, ಜನರೇ ಆಗಿದ್ದಾರೆ ಎಂಬ ಬೋಧನೆಗೆ ಇದು ಗಣಿತದ ಸಾಕ್ಷಿ.

ಸತ್ಯವೇದದಲ್ಲಿ ಘನಾಕೃತಿಯ ಇನ್ನೊಂದು ಪ್ರಸಿದ್ಧ ಸ್ಥಳ ಸೊಲೊಮೋನನ ದೇವಾಲಯದ ಮಹಾಪರಿಶುದ್ಧಸ್ಥಳ; ಅದರ ಮೂರೂ ಅಳತೆ ಇಪ್ಪತ್ತು ಮೊಳ (1 ಅರಸುಗಳು 6:20). ಮಹಾಯಾಜಕನು ವರ್ಷಕ್ಕೊಮ್ಮೆ ಮಾತ್ರ ಪ್ರವೇಶಿಸುತ್ತಿದ್ದ ಆ ಕೋಣೆಯ ಆಕಾರವನ್ನೇ ಇಡೀ ಪಟ್ಟಣ ಪಡೆದಿದೆ. ಹೊಸ ಯೆರೂಸಲೇಮಿನಲ್ಲಿ ದೇವಾಲಯವಿಲ್ಲವೆಂದು ಯೋಹಾನನು ಹೇಳುವುದರ ಅರ್ಥ ಈ ಆಕೃತಿಯಿಂದಲೇ ತಿಳಿಯುತ್ತದೆ. ಸ್ತಾದಿಯ ಸುಮಾರು 185 ಮೀಟರಿನ ಅಳತೆ. ಆ ಲೆಕ್ಕದಲ್ಲಿ ಪಟ್ಟಣದ ಒಂದು ಬದಿ ಸುಮಾರು 2,200 ಕಿಲೋಮೀಟರು. ಆದರೆ ಹೀಗೆ ಕಿಲೋಮೀಟರಿಗೆ ಬದಲಿಸಿದ ಕೂಡಲೇ ಹನ್ನೆರಡು ಮಾಯವಾಗುತ್ತದೆ. ದೂರ ತಿಳಿಯುತ್ತದೆ, ಸಂದೇಶ ತಪ್ಪಿಹೋಗುತ್ತದೆ.

ತ್ರಿಕೋನ ಮತ್ತು ವರ್ಗ

ಹದಿಮೂರನೆಯ ಅಧ್ಯಾಯದ ಕೊನೆಯ ವಚನದಲ್ಲಿ ಮೃಗದ ಸಂಖ್ಯೆ 666. ಹದಿನಾಲ್ಕನೆಯ ಅಧ್ಯಾಯದ ಮೊದಲ ವಚನದಲ್ಲಿ ಚೀಯೋನ್ ಪರ್ವತದ ಮೇಲೆ ಯಜ್ಞದ ಕುರಿಯಾದಾತನೊಂದಿಗೆ ನಿಂತ 1,44,000 ಮಂದಿ. ಎರಡು ಸಂಖ್ಯೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಮೊದಲನೆಯವರ ಕೈಯ ಮೇಲೆ ಅಥವಾ ಹಣೆಯ ಮೇಲೆ ಮೃಗದ ಗುರುತು. ಎರಡನೆಯವರ ಹಣೆಯ ಮೇಲೆ ಕುರಿಮರಿಯ ಮತ್ತು ತಂದೆಯ ಹೆಸರು.

ಪ್ರಾಚೀನರು ಸಂಖ್ಯೆಗಳನ್ನು ಹರಳುಗಳಿಂದ ಜೋಡಿಸಿ ಅವುಗಳ ಆಕಾರ ನೋಡುತ್ತಿದ್ದರು. ಒಂದು, ಎರಡು, ಮೂರು ಎಂದು ಸಾಲುಸಾಲಾಗಿ ಇಟ್ಟರೆ ತ್ರಿಕೋನವಾಗುತ್ತದೆ. 1, 3, 6, 10 ತ್ರಿಕೋನ ಸಂಖ್ಯೆಗಳು. ಒಂದು, ಮೂರು, ಐದು ಎಂದು ಬೆಸಸಂಖ್ಯೆಗಳನ್ನೇ ಕೂಡುತ್ತ ಹೋದರೆ ಚೌಕವಾಗುತ್ತದೆ. 1, 4, 9, 16 ವರ್ಗ ಸಂಖ್ಯೆಗಳು. ಯೋಹಾನನಿಗೆ ಸುಮಾರಾಗಿ ಸಮಕಾಲೀನನಾದ, ದೆಕಪೊಲಿಯ ಗೆರಾಸದವನಾದ ನಿಕೊಮಾಕಸನು ತನ್ನ ಅಂಕಗಣಿತದ ಗ್ರಂಥದಲ್ಲಿ ಈ ವಿದ್ಯೆಯನ್ನು ವಿವರಿಸಿದ್ದಾನೆ. ಈ ದೃಷ್ಟಿಯಿಂದ 144 ಮೊದಲ ಹನ್ನೆರಡು ಬೆಸಸಂಖ್ಯೆಗಳ ಮೊತ್ತ, ಹನ್ನೆರಡು ಬದಿಯ ಚೌಕ. 666ಆದರೋ 1ರಿಂದ 36ರವರೆಗಿನ ಸಂಖ್ಯೆಗಳ ಮೊತ್ತ, ತ್ರಿಕೋನ. ಆ 36 ಕೂಡ 1ರಿಂದ 8ರವರೆಗಿನ ಮೊತ್ತವಾಗಿ ಮತ್ತೊಂದು ತ್ರಿಕೋನ. ಮೃಗದ ಸಂಖ್ಯೆ ತ್ರಿಕೋನ, ದೇವಜನರ ಸಂಖ್ಯೆಯ ಮೂಲ ಚೌಕ ಎಂಬ ಈ ಎದುರುಬದಿರನ್ನು ರಿಚರ್ಡ್ ಬಾಕಮ್ ಎಂಬ ವಿದ್ವಾಂಸರು 1993ರ ತಮ್ಮ ಪ್ರಕಟನೆಯ ಅಧ್ಯಯನದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ.

ಇಂಥ ಓದು ಸಭೆಗೆ ಹೊಸದಲ್ಲ. ಯೋಹಾನ 21ರ ಬಲೆಯಲ್ಲಿ ಸಿಕ್ಕಿದ 153 ಮೀನುಗಳು 1ರಿಂದ 17ರವರೆಗಿನ ಮೊತ್ತವೆಂಬುದನ್ನು ಅಗಸ್ಟಿನನು ಗಮನಿಸಿ, ಹದಿನೇಳನ್ನು ಧರ್ಮಶಾಸ್ತ್ರದ ಹತ್ತು ಮತ್ತು ಪವಿತ್ರಾತ್ಮನ ಏಳು ಎಂದು ಬಿಡಿಸಿದನು. ಸಾವಿರವು ಹತ್ತರ ಘನವಾದ್ದರಿಂದ ಪೂರ್ಣತೆಯನ್ನು ಸೂಚಿಸುತ್ತದೆಂದು 'ದೇವರ ನಗರ'ದ ಇಪ್ಪತ್ತನೆಯ ಪುಸ್ತಕದಲ್ಲಿ ಸಾವಿರ ವರ್ಷಗಳನ್ನು ಕುರಿತು ಬರೆದವನೂ ಅವನೇ.

ಎಚ್ಚರಿಕೆಯ ಮಾತು

ಇಲ್ಲಿಗೆ ಬಂದಾಗ ಲೇಖನಿಯನ್ನು ತಡೆಯಬೇಕಾಗುತ್ತದೆ. ಸಂಖ್ಯೆಗಳಲ್ಲಿ ಅರ್ಥ ಹುಡುಕುವ ಮನಸ್ಸಿಗೆ ಎಲ್ಲೆಂದರಲ್ಲಿ ಅರ್ಥ ಸಿಗುತ್ತದೆ. ಸೆಕೆಂಡಿಗೆ ಒಂದರಂತೆ ಬಿಡುವಿಲ್ಲದೆ ಎಣಿಸಿದರೆ 1,44,000 ಎಣಿಸುವುದಕ್ಕೆ ಸರಿಯಾಗಿ 40 ಗಂಟೆ ಹಿಡಿಯುತ್ತದೆ. ನಲವತ್ತು! ಅರಣ್ಯದ ನಲವತ್ತು ವರ್ಷ, ಕರ್ತನ ನಲವತ್ತು ದಿನದ ಉಪವಾಸ ಎಂದು ಒಬ್ಬನು ಪ್ರಸಂಗ ಕಟ್ಟಿಬಿಡಬಹುದು. ಆದರೆ ಗಂಟೆಯನ್ನು 3,600 ಸೆಕೆಂಡುಗಳಾಗಿ ಎಣಿಸುವ ನಮ್ಮ ಅಭ್ಯಾಸಕ್ಕೂ ಪತ್ಮೋಸಿನ ದರ್ಶನಕ್ಕೂ ಯಾವ ಸಂಬಂಧವೂ ಇಲ್ಲ. ಇನ್ನೊಂದು ಉದಾಹರಣೆ: ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿ ಮುಂದಿನದನ್ನು ಪಡೆಯುವ ಫಿಬೊನಾಚಿ ಶ್ರೇಣಿಯಲ್ಲಿ (1, 1, 2, 3, 5, 8…) ಹನ್ನೆರಡನೆಯ ಸಂಖ್ಯೆ 144. ಆ ಶ್ರೇಣಿಯಲ್ಲಿ ಒಂದಕ್ಕಿಂತ ದೊಡ್ಡ ವರ್ಗ ಸಂಖ್ಯೆ ಇದೊಂದೇ ಎಂದು 1964ರಲ್ಲಿ ಸಾಧಿಸಲಾಯಿತು. ಇದು ನಿಜವಾದ, ಸುಂದರವಾದ ಗಣಿತ. ಆದರೆ ಪೀಸಾದ ಲಿಯೊನಾರ್ಡೊ ಆ ಶ್ರೇಣಿಯನ್ನು ಯೂರೋಪಿಗೆ ಪರಿಚಯಿಸಿದ್ದು 1202ರಲ್ಲಿ. ಏಷ್ಯದ ಏಳು ಸಭೆಗಳು ಅದನ್ನು ಕೇಳಿರಲಿಲ್ಲ.

ಸಂಖ್ಯೆಗಳಿಂದ ಸಿದ್ಧಾಂತ ಕಟ್ಟಿದ ಜ್ಞಾನವಾದಿಗಳನ್ನು ಎದುರಿಸುತ್ತ ಐರೇನಿಯಸನು ಸುಮಾರು 180ರಲ್ಲಿ 'ಪಾಷಂಡಮತಗಳ ವಿರುದ್ಧ' ಗ್ರಂಥದ ಎರಡನೆಯ ಪುಸ್ತಕದಲ್ಲಿ ಒಂದು ಸೂತ್ರವನ್ನು ಇಟ್ಟನು: ಸತ್ಯದ ನಿಯಮವು ಸಂಖ್ಯೆಗಳಿಂದ ಹುಟ್ಟುವುದಿಲ್ಲ, ಸಂಖ್ಯೆಗಳೇ ಆ ನಿಯಮಕ್ಕೆ ಅಧೀನವಾಗಿವೆ ಎಂಬುದು ಅದರ ಸಾರ. 666ರ ವಿಷಯದಲ್ಲಿಯೂ ಅವನು ಇದೇ ಸಂಯಮವನ್ನು ಬೋಧಿಸಿ, ಆತುರದಿಂದ ಯಾರ ಹೆಸರನ್ನೂ ಘೋಷಿಸಬಾರದೆಂದನು. ಕೆಲವು ಪ್ರತಿಗಳಲ್ಲಿ 616 ಎಂಬ ಪಾಠವಿರುವುದು ಅವನಿಗೆ ತಿಳಿದಿತ್ತು. ಅದನ್ನು ಅವನು ತಳ್ಳಿಹಾಕಿದನು. 616 ತ್ರಿಕೋನ ಸಂಖ್ಯೆಯಲ್ಲ ಎಂಬುದನ್ನು ನಾವು ಮರೆಯಬಾರದು. ಒಂದು ಅಕ್ಷರ ಬದಲಾದರೆ ಕುಸಿಯುವ ಗುಣದ ಮೇಲೆ ಉಪದೇಶವನ್ನು ನಿಲ್ಲಿಸಲಾಗದು. 1,44,000ದ ಹನ್ನೆರಡಾದರೋ ಹನ್ನೆರಡು ಸಲ ಉಚ್ಚರಿಸಲ್ಪಟ್ಟು ಭದ್ರವಾಗಿದೆ.

ಆದ್ದರಿಂದ ಸಂಖ್ಯೆಯ ಯಾವುದೇ ಗುಣವನ್ನು ಪ್ರಸಂಗಕ್ಕೆ ತರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ವಚನವೇ ಆ ಗುಣವನ್ನು ಎತ್ತಿ ತೋರಿಸುತ್ತದೆಯೇ? ಮೊದಲ ಕೇಳುಗರು ಅದನ್ನು ಗ್ರಹಿಸಬಲ್ಲವರಾಗಿದ್ದರೇ? ಅದು ಗ್ರಂಥದ ಒಟ್ಟು ಸಾಕ್ಷಿಗೆ ಸೇವೆ ಮಾಡುತ್ತದೆಯೇ? ಹನ್ನೆರಡರ ವರ್ಗ ಮತ್ತು ಸಮಪಾಲು ಈ ಮೂರನ್ನೂ ದಾಟುತ್ತವೆ. ಘನದ ಅಂಚುಗಳ ಮೊತ್ತವನ್ನು ವಚನವು ಬಾಯಿಬಿಟ್ಟು ಹೇಳದಿದ್ದರೂ ಬೇಕಾದ ಅಳತೆಗಳನ್ನೆಲ್ಲ ಕೊಟ್ಟಿದೆ. ತ್ರಿಕೋನವು ಸಂಭಾವ್ಯ, ನಿಶ್ಚಿತವಲ್ಲ. 96 ಭಾಜಕಗಳೂ ಫಿಬೊನಾಚಿಯೂ ನಲವತ್ತು ಗಂಟೆಯೂ ಹೊರಗೆ ನಿಲ್ಲುತ್ತವೆ.

ಕೇಳಿದ್ದು ಮತ್ತು ಕಂಡದ್ದು

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಯೋಹಾನನು 7:4ರಲ್ಲಿ ಸಂಖ್ಯೆಯನ್ನು ಕೇಳುತ್ತಾನೆ; 7:9ರಲ್ಲಿ ತಿರುಗಿ ನೋಡಿದಾಗ ಕಾಣುವುದು ಸಕಲ ಜನಾಂಗ, ಕುಲ, ಪ್ರಜೆ, ಭಾಷೆಗಳಿಂದ ಬಂದ, ಯಾರೂ ಎಣಿಸಲಾಗದ ಮಹಾಸಮೂಹ. ಐದನೆಯ ಅಧ್ಯಾಯದಲ್ಲಿಯೂ ಹೀಗೆಯೇ ಆಗಿತ್ತು: ಯೆಹೂದ ಕುಲದ ಸಿಂಹದ ಸುದ್ದಿಯನ್ನು ಅವನು ಕೇಳಿದನು, ನೋಡಿದಾಗ ಕಂಡದ್ದು ವಧಿಸಲ್ಪಟ್ಟಂತಿದ್ದ ಕುರಿಮರಿ. ಸಿಂಹವೂ ಕುರಿಮರಿಯೂ ಒಬ್ಬನೇ ಕ್ರಿಸ್ತನಾಗಿರುವಂತೆ, ಎಣಿಸಲ್ಪಟ್ಟವರೂ ಎಣಿಸಲಾಗದವರೂ ಒಂದೇ ಜನವೆಂದು ಅನೇಕ ವ್ಯಾಖ್ಯಾನಕಾರರು ತಿಳಿಯುತ್ತಾರೆ. ಇವು ಎರಡು ಬೇರೆ ಗುಂಪುಗಳೆನ್ನುವವರೂ ಇದ್ದಾರೆ. ಆದರೆ ಆ ಪಕ್ಷದಲ್ಲಿಯೂ ಮಹಾಸಮೂಹ ನಿಂತಿರುವುದು ಸಿಂಹಾಸನದ ಮುಂದೆಯೇ ಎಂಬುದನ್ನು ಗಮನಿಸಬೇಕು. ಯಾವ ರೀತಿಯಿಂದ ಓದಿದರೂ ಆ ಅಧ್ಯಾಯ ಬಾಗಿಲನ್ನು ಮುಚ್ಚುವುದಿಲ್ಲ.

ಆದರೆ ಎಣಿಸಲಾಗದ ಜನರಿಗೆ ಸಂಖ್ಯೆಯೇಕೆ? ಯಾರು ಎಣಿಸಲಾರರೆಂಬುದನ್ನು ನೋಡಿರಿ: ಮನುಷ್ಯರು. 9:16ರಲ್ಲಿ ವೈರಿದಂಡಿನ ಸಂಖ್ಯೆ ಎರಡು ಮಿರಿಯಡ್ ಮಿರಿಯಡ್, ಎಂದರೆ 20 ಕೋಟಿ. ಸೆಕೆಂಡಿಗೆ ಒಂದರಂತೆ ಎಣಿಸಿದರೆ ಆರು ವರ್ಷಕ್ಕೂ ಹೆಚ್ಚು ಕಾಲ ಬೇಕು. ಮನುಷ್ಯನ ಎಣಿಕೆ ಹೀಗೆ ಬೇಗನೆ ಆಯಾಸಗೊಳ್ಳುತ್ತದೆ. ದೇವರು ಅನಂತವನ್ನು ತಿಳಿಯಲಾರನೆಂದು ವಾದಿಸಿದವರಿಗೆ ಅಗಸ್ಟಿನನು 'ದೇವರ ನಗರ'ದ ಹನ್ನೆರಡನೆಯ ಪುಸ್ತಕದಲ್ಲಿ ಉತ್ತರ ಕೊಡುತ್ತಾನೆ. ಸಂಖ್ಯೆಗಳಿಗೆ ಕೊನೆಯಿಲ್ಲ, ಆದರೂ ಪ್ರತಿಯೊಂದು ಸಂಖ್ಯೆಯೂ ತನ್ನ ಗುಣಗಳಿಂದ ಮಿಕ್ಕೆಲ್ಲ ಸಂಖ್ಯೆಗಳಿಗಿಂತ ಬೇರೆಯಾಗಿದೆ. ದೇವರ ಜ್ಞಾನದಲ್ಲಿ ಅವೆಲ್ಲವೂ ಅಡಕವಾಗಿವೆ ಎಂಬುದು ಅವನ ವಾದ. ಯಾವ ಎರಡು ಸಂಖ್ಯೆಗಳೂ ಒಂದಲ್ಲ. 1,43,999 ಎಂಬುದು 1,44,000 ಅಲ್ಲ. ಒಂದು ಕಡಿಮೆಯಾದರೂ ಹನ್ನೆರಡು ಕುಲಗಳ ಸಮಪಾಲು ಕೆಡುತ್ತದೆ, ಚೌಕ ಒಡೆಯುತ್ತದೆ, ಪಟ್ಟಣದ ಅಂಚು ಮೊಟಕಾಗುತ್ತದೆ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಲು ಹೋದ ಕುರುಬನ ಸಾಮ್ಯದಲ್ಲಿಯೂ ಇದೇ ಲೆಕ್ಕವಿದೆ.

ನಮ್ಮ ಭಾಷೆಯಲ್ಲಿ ಗಣನೆಗೆ ಬಾರದ ಬಡವರನ್ನು 'ಲೆಕ್ಕಕ್ಕಿಲ್ಲದವರು' ಎನ್ನುವ ವಾಡಿಕೆಯುಂಟು. ರೋಮ್ ಸಾಮ್ರಾಜ್ಯದ ದೃಷ್ಟಿಯಲ್ಲಿ ಏಷ್ಯದ ಸಣ್ಣ ಸಭೆಗಳು ಅಂಥವೇ. ಆ ಸಭೆಗಳಿಗೆ ಯೋಹಾನನು ಕೇಳಿಸಿದ ಸಂಖ್ಯೆ ಹೊರಗಿಡುವ ಮಿತಿಯಲ್ಲ, ಯಾರೂ ಬಿಟ್ಟುಹೋಗಿಲ್ಲವೆಂಬ ಖಾತರಿ. ಮುದ್ರೆ ಒತ್ತುವುದು ಸಂಖ್ಯೆಯ ಮೇಲಲ್ಲ, ಹಣೆಗಳ ಮೇಲೆ; ಒಂದೊಂದು ಹಣೆಯ ಮೇಲೆ, ಒಂದೊಂದು ಸಲ.

ಆದಕಾರಣ "ನಮ್ಮಂಥವರಿಗೂ ಜಾಗ ಉಂಟೋ?" ಎಂದು ಕೇಳುವವರ ಪಕ್ಕದಲ್ಲಿ ಕುಳಿತು, 7:4ನ್ನು ಓದಿದ ಬಾಯಿಂದಲೇ ನಿಲ್ಲದೆ 7:17ರವರೆಗೆ ಓದಬೇಕು. ಹನ್ನೆರಡು ಹನ್ನೆರಡಲೆ ನೂರನಲವತ್ತನಾಲ್ಕು ಎಂಬ ಮಗ್ಗಿ ಅವರಿಗೂ ಗೊತ್ತು. ಯಾವ ಕುಲವೂ ಕಡಿಮೆಯಾಗಿಲ್ಲವೆಂದು ಆ ಮಗ್ಗಿಯಿಂದಲೇ ತೋರಿಸಿ, ಕಣ್ಣೀರನ್ನು ಒರಸುವಾತನು ಆ ಅಧ್ಯಾಯದ ಕೊನೆಯಲ್ಲಿ ನಿಂತಿದ್ದಾನೆಂದು ಹೇಳಿದರೆ ಸಾಕು.